ಮೊದಲು ತನ್ನ ಹೆಸರು ಬರೆದ ನರ್ಸಬಾಯಿ

ನಮ್ಮೂರ ನರ್ಸಬಾಯಿಯ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಆರೋಗ್ಯ ಉಪಕೇಂದ್ರದ ನೌಕರಿಗೆ ಬಂದ ಹೊಸದರಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡದ್ದಂತೆ. ನಾಡಿ ನೋಡಲು ಕೈ ಹಿಡಿದರೆ ಮೂರು ಬೆರಳು ನಮ್ಮ ಮಣಿಕಟ್ಟಿನ ಮೇಲಿರುತ್ತಿದ್ದವು, ಕಿರುಬೆರಳೊಂದು ನೆಟ್ಟಗೆ ನಿಂತಿರುತ್ತಿತ್ತು. ನನ್ನ ಇಬ್ಬರು ಮಕ್ಕಳನ್ನೂ ಹುಟ್ಟಿದ ಕೂಡಲೇ ಎತ್ತಿಕೊಂಡದ್ದು ಆ ಕೈ. ನಿವೃತ್ತರಾದ ಮೇಲೂ ಅವರು ಊರು ಬಿಡಲಿಲ್ಲ, ನಮ್ಮ ಗೋಡೆಗೆ ಹತ್ತಿದ ಮನೆಯಲ್ಲೇ ಉಳಿದರು.

ಗೋಡೆಯಾಚೆಯಿಂದಲೇ ಯಾರ ಕೆಮ್ಮು ಎಂದು ಗುರುತಿಸುತ್ತಿದ್ದರು. "ಆ ಕೆಮ್ಮ ನಿನ್ನದಲ್ಲ, ಸಣ್ಣ ಹುಡುಗೀದು. ಎಷ್ಟ ದಿನಾತು? ಲಗೂನ ಕರಕೊಂಡ ಬಾ." ಎಲ್ಲಿ ಮಲಗಿದ್ದೆ, ಏನು ಉಂಡೆ, ಯಾವ ಕೆಲಸಕ್ಕೆ ಹೋಗಿದ್ದೆ ಎಂದೆಲ್ಲ ವಿಚಾರಿಸಿಯೇ ಔಷಧ. ಸುಳ್ಳು ಹೇಳಿದರೆ ಸಿಟ್ಟಾಗುತ್ತಿರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು. ಮೂರನೆಯ ಸಲಕ್ಕೆ ನಿಜ ಬರುತ್ತಿತ್ತು.

ಮಹಾರಾಷ್ಟ್ರದ ಗಡಿಯೊಳಗೆ, ಜತ್ತ ತಾಲೂಕಿನ ಊರು ನಮ್ಮದು. ಶೇಗಾಂವ ದಾರಿಯ ಬದಿಗೆ, ನಮ್ಮ ಶಾಲೆಯಿಂದ ಕೂಗಳತೆಯಲ್ಲಿ, ಕಲ್ಲು ಪುಡಿಮಾಡುವ ಖಡಿ ಕ್ರಷರ್ ಶುರುವಾಗಿ ಎರಡು ವರ್ಷವಾಗಿತ್ತು. ಜೋಳದ ಗರಿಯ ಮೇಲೆ, ಕುರಿಗಳ ಬೆನ್ನ ಮೇಲೆ, ಶಾಲೆಯ ಬೆಂಚುಗಳ ಮೇಲೆ ಬಿಳಿ ಧೂಳು. ನರ್ಸಬಾಯಿ ಮನೆಮನೆಗೆ ಹೋಗಿ ಕೆಮ್ಮುವವರನ್ನೆಲ್ಲ ವಿಚಾರಿಸಿ ಬಂದು ಗ್ರಾಮಸಭೆಯಲ್ಲಿ ಹೇಳಿದರು. ಕ್ರಷರನ್ನು ದೂರ ಒಯ್ಯುವವರೆಗೆ ಪಂಚಾಯಿತಿಯ ನಾ-ಹರಕತ್ ದಾಖಲೆ, ಅಂದರೆ ನಮ್ಮ ಅಭ್ಯಂತರವಿಲ್ಲ ಎಂಬ ಪತ್ರ, ಕೊಡಬಾರದೆಂದು ಠರಾವಾಯಿತು. ಊರೆಲ್ಲ ಕೈ ಎತ್ತಿತು. ನಾನೂ ಎತ್ತಿದೆ. ಆಗ ನಾನು ಪಂಚಾಯಿತಿ ಮೆಂಬರ್.

ತಿಂಗಳೊಳಗೆ, ಮೆಂಬರುಗಳು ಮಾತ್ರ ಕೂರುವ ಸಭೆಯಲ್ಲಿ, ಅದೇ ಪತ್ರವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟುಬಿಟ್ಟೆವು. ನಡುವೆ ಏನಾಯಿತೆಂದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕ್ರಷರ್ ಮಾಲಕರು ನಮ್ಮನ್ನು ಜತ್ತದ ಹೊರಗಿನ ಢಾಬಾಕ್ಕೆ ಕರೆದು ಊಟ ಹಾಕಿಸಿದ್ದರು. ಹೆಚ್ಚು ಮಾತೇ ಆಡಿರಲಿಲ್ಲ. "ನಿಮ್ಮ ಅಣ್ಣನ ಡಂಪರ್ ನಮ್ಮಲ್ಲೇ ಓಡ್ತೈತಲ್ಲರಿ, ಮೆಂಬರ" ಎಂದು ನಗುತ್ತ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿದ್ದರು, ಅಷ್ಟೇ.

ಪತ್ರದ ಸುದ್ದಿ ಹರಡಿದ ದಿನ ನರ್ಸಬಾಯಿ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಬೈಯುತ್ತಾರೆ ಎಂದುಕೊಂಡೆ.

"ನಿಮ್ಮನ್ನ ಯಾರರೆ ಭೆಟ್ಟಿ ಆಗಿದ್ರೇನು?"

"ಯಾರೂ ಇಲ್ರಿ, ಬಾಯಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಾನು ನೆಲ ನೋಡಿದೆ. ಮೂರನೆಯ ಸಲ ಕೇಳಲೇ ಇಲ್ಲ.

"ಭೆಟ್ಟಿ ಆಗೂದು ತಪ್ಪಲ್ಲೋ ತಮ್ಮಾ. ನಾನೂ ಈಗ ನಿನ್ನ ಭೆಟ್ಟಿಗೇ ಬಂದೀನಿ. ಆದ್ರ ನಾ ಬಂದದ್ದು ಓಣಿ ಎಲ್ಲಾ ನೋಡೇತಿ" ಎಂದು ಎದ್ದು ಹೋದರು.

ಮುಂದಿನ ಗ್ರಾಮಸಭೆಯಲ್ಲಿ ಅವರು ಕೇಳಿದ್ದು ಒಂದೇ. "ಪಂಚಾಯ್ತಿ ಮುಂದ ಒಂದ ಬೋರ್ಡ ಐತಿ, ಸುಮ್ನ ಖಾಲಿ. ಸಭಾಕ್ಕ ಬರೂ ವಿಷಯದ ಸಲುವಾಗಿ ಯಾರು ಯಾವ ಮೆಂಬರನ್ನ, ಸರಪಂಚರನ್ನ ಭೆಟ್ಟಿ ಆದ್ರು, ಏನ ಕೇಳಿದ್ರು, ಅದರ ಮ್ಯಾಲ ಬರೀರಿ."

ಸರಪಂಚರು ನಕ್ಕರು. "ಚಹಾ ಕುಡದದ್ದೂ ಬರೀಬೇಕೇನ್ರಿ ಬಾಯಿ?"

"ಬರೀಬೇಕು. ಮೊದಲ ನಂದೇ ಬರೀತೀನಿ."

ಹೊರಗೆ ಹೋಗಿ ಸೀಮೆಸುಣ್ಣದ ಖಡು ಹಿಡಿದು ಬರೆದರು: 'ನರ್ಸಬಾಯಿ, ಮಂಗಳವಾರ ಸರಪಂಚರ ಮನೆಗೆ ಹೋಗಿದ್ದೆ. ಕ್ರಷರ್ ದೂರ ಒಯ್ಯಿಸಿರಿ ಎಂದು ಕೇಳಿದೆ. ಚಹಾ ಕುಡಿದೆ, ಚಕ್ಕುಲಿ ತಿಂದೆ.' ಕೆಳಗೆ ಅದನ್ನೇ ಮರಾಠಿಯಲ್ಲಿ ಬರೆದರು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ವಾರ ಅಲ್ಲಿ ಅವರದೊಂದೇ ಹೆಸರು. ಆಮೇಲೆ ಕುರಿಗಾರರು ನೀರಿನ ತೊಟ್ಟಿ ಕೇಳಲು ಬಂದವರು ತಮ್ಮ ಹೆಸರು ಬರೆಸಿದರು. ಓಣಿಯ ದೀಪ ಕೇಳಲು ಬಂದ ಹೆಣ್ಣುಮಕ್ಕಳು ಬರೆಸಿದರು. ಬಸ್ಸಿಗೆ ಕಾಯುವವರು ಹಲಗೆ ಓದುವುದು ರೂಢಿಯಾಯಿತು.

ವರ್ಷ ಕಳೆದು ಕ್ರಷರ್ ಪತ್ರದ ಅವಧಿ ಮುಗಿಯಿತು. ಗ್ರಾಮಸಭೆಗೆ ನಾಲ್ಕು ದಿನವಿರುವಾಗ ಮಾಲಕರು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದರು. ಅವರ ಗಾಡಿಯ ಸದ್ದು ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿ ಪಂಚಾಯಿತಿಗೆ ನಡೆದು, ಹಲಗೆಯ ಮೇಲೆ ಬರೆದೆ. 'ಕ್ರಷರ್ ಮಾಲಕರು ನಮ್ಮ ಮನೆಗೆ ಬಂದಿದ್ದರು. ಪತ್ರ ಕೇಳಿದರು, ಚಹಾ ಕುಡಿದರು.'

ಸಭೆಯಲ್ಲಿ ಎದ್ದು ನಿಂತೆ. "ನಮ್ಮ ಅಣ್ಣನ ಡಂಪರ್ ಆ ಕ್ರಷರಿಗೇ ಓಡ್ತೈತ್ರಿ. ಹ್ವಾದ ಸಲ ಢಾಬಾದಾಗ ಉಂಡು ಬಂದು ಕೈ ಎತ್ತಿದ್ದೆ. ಈ ಸಲ ಹೂಂ ಅಂತಾನೂ ಎತ್ತೂದಿಲ್ಲ, ಬ್ಯಾಡ ಅಂತಾನೂ ಎತ್ತೂದಿಲ್ಲ. ನೀವು ಉಳಿದವರು ನಿರ್ಣಯ ಮಾಡ್ರಿ."

ಹಿಂದಿನ ಸಾಲಿನಿಂದ ಇನ್ನೊಬ್ಬ ಮೆಂಬರ್ ಎದ್ದು, "ನಾನೂ ಉಂಡಿದ್ದೆ" ಎಂದ. ನರ್ಸಬಾಯಿ ನನ್ನ ಕಡೆ ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ಕುಳಿತೇ ಇದ್ದರು.

ಅಂದಿನ ನಿರ್ಣಯ ಎಲ್ಲರ ಎದುರೇ ಆಯಿತು. ಆರು ತಿಂಗಳಲ್ಲಿ ಕ್ರಷರ್ ಗುಡ್ಡದ ಆಚೆಗೆ ಹೋಗಬೇಕು, ಸುತ್ತ ತಗಡಿನ ಪತ್ರಾಸ್ ಹಾಕಬೇಕು, ಧೂಳಿಗೆ ನೀರು ಹೊಡೆಯಬೇಕು. ಮಾಲಕರು ಗೊಣಗುತ್ತಲೇ ಒಪ್ಪಿಕೊಂಡರು. ಅಣ್ಣ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಡಂಪರ್ ಗುಡ್ಡದ ಆಚೆಗೂ ಓಡತೊಡಗಿದ ಮೇಲೆ ಒಂದು ದಿನ ತಾನಾಗಿಯೇ ಊಟಕ್ಕೆ ಬಂದ.

ಮರುವರ್ಷದ ಚಳಿಗಾಲದಲ್ಲಿ ನರ್ಸಬಾಯಿ ಗೋಡೆಯಾಚೆಯಿಂದ ಕರೆದು ಹೇಳಿದರು: "ಕೇಳಿದೇನು? ಇವತ್ತ ಸಾಲ್ಯಾಗ ಪ್ರಾರ್ಥನಾ ಪೂರಾ ಆತು. ನಡುವ ಯಾರೂ ಕೆಮ್ಮಲಿಲ್ಲ."

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಬೆಳಗ್ಗೆ ಅಂಗಳ ಗುಡಿಸಿ ಕುಳಿತವರು ಏಳಲಿಲ್ಲ. ಮೂರನೆಯ ದಿನ ಕ್ರಷರ್ ಮಾಲಕರೂ ಸಾವಿಗೆ ಮಾತಾಡಿಸಲು ನಮ್ಮಲ್ಲಿಗೆ ಬಂದರು. ಹೊರಡುವಾಗ ನನಗೆ ಹೇಳಿದರು:

"ಬೋರ್ಡ ಬರಸ್ರಿ ಅಂದ್ರಲ್ಲ, ಅದರ ಹಿಂದಿನ ದಿನ ಬಾಯಿ ನನ್ನ ಕ್ರಷರಿಗೇ ಬಂದಿದ್ರು. ನಾಳೆ ಸಭಾದಾಗ ನಿಮಗ ಒಗ್ಗದ ಮಾತ ಆಡಾಕಿ ಇದ್ದೀನಿ, ನೀವೂ ಬಂದು ನಿಮ್ಮದು ಹೇಳ್ರಿ ಅಂದ್ರು. ನನ್ನ ಆಳುಗಳ ಎದಿ ನೋಡಿ ಇಬ್ಬರನ್ನ ದವಾಖಾನಿಗೆ ಕಳಸ್ರಿ ಅಂದ್ರು, ಕಳಿಸಿದೆ. ಢಾಬಾದಾಗ ಯಾರ್ಯಾರು ಉಂಡ್ರು ಅಂತ ಕೇಳಿದ್ರು. ಅವರ ಮುಂದ ಸುಳ್ಳ ಬರಲಿಲ್ಲ ನೋಡ್ರಿ, ಎಲ್ಲಾರ ಹೆಸರೂ ಹೇಳಿಬಿಟ್ಟೆ."

ಅಂದರೆ ಹಲಗೆಯ ಮಾತು ಎತ್ತುವ ಮೊದಲೇ ಅವರಿಗೆ ಗೊತ್ತಿತ್ತು. ಮರುದಿನವೇ ಊರ ಮುಂದೆ ನನ್ನ ಹೆಸರು ಹೇಳಿ ನನ್ನನ್ನು ತಲೆ ತಗ್ಗಿಸಿ ನಿಲ್ಲಿಸಬಹುದಿತ್ತು. ಹೇಳಲಿಲ್ಲ. ದಿನವೂ ಗೋಡೆಯಾಚೆಯಿಂದ ನನ್ನ ಮಕ್ಕಳ ಆರೋಗ್ಯ ವಿಚಾರಿಸುತ್ತ, ಆ ಮಾತು ನಾನೇ ಆಡುವವರೆಗೆ ಒಂದು ವರ್ಷ ಕಾದರು.