ಇಪ್ಪತ್ತೊಂದರಲ್ಲಿ ನಿಂತ ಪರದೆ

ಭೀಮಣ್ಣಾ, ನಿನ್ನ ಬಲಗಣ್ಣು ಹೋಗಿದ್ದು ನೀನು ತಡವಾಗಿ ಬಂದದ್ದರಿಂದಲ್ಲ. ನನ್ನಿಂದ — ನೆಹರು ಗಂಜಿನ ಹತ್ತಿರದ ಕಣ್ಣಿನ ದವಾಖಾನೆಯಲ್ಲಿ ಚೀಟಿ ಕೊಡುತ್ತ ಕೂತಿರುತ್ತಿದ್ದೆನಲ್ಲ, ಆ ನನ್ನಿಂದ.

ಮೊದಲು ಅಲ್ಲಿ ಡಾಕ್ಟರರ ಬಾಗಿಲಿಗೆ ಜನ ಮುಗಿಬೀಳುತ್ತಿದ್ದರು. ಮೊಣಕೈ ಗಟ್ಟಿ ಇದ್ದವನು ಮೊದಲು ಒಳಗೆ. ನಿನ್ನ ಕಣ್ಣು ಹೋದ ವರ್ಷ ಗೋಡೆಗೆ ದೊಡ್ಡ ಚಪ್ಪಟೆ ಟಿವಿ ಹಾಕಿದರು. ನಾನು ಗುಂಡಿ ಒತ್ತಿದರೆ ನಂಬರು ಮೂಡುತ್ತಿತ್ತು. ಓದು ಬಾರದವರೂ ಚೀಟಿಯ ಅಂಕಿಗೆ ಹೋಲಿಸಿ ನೋಡಿ ಸುಮ್ಮನೆ ಕೂಡುತ್ತಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ. ಜನ ನನ್ನನ್ನು ಬಿಟ್ಟು ಅದನ್ನು ನಂಬಿದರು — ಗುಂಡಿ ಮಾತ್ರ ನನ್ನ ಕೈಯಲ್ಲೇ ಇತ್ತು.

ಆ ಗುರುವಾರ ನೀನು ಕಣ್ಣಿಗೆ ಟವೆಲ್ ಒತ್ತಿ ಹಿಡಿದು ಕೂತಿದ್ದೆ. ಎರಡು ಸಲ ವಾಂತಿಯಾಗಿತ್ತು. ನಿನ್ನ ನಂಬರು ಇಪ್ಪತ್ತೆರಡು. ಅಷ್ಟರಲ್ಲಿ ಖೂಬಾ ಪ್ಲಾಟಿನಿಂದ ನನ್ನ ಬೀಗರು ಬಂದರು — ಮಗಳ ನಿಶ್ಚಯವಾಗಿ ಹದಿನೈದು ದಿನವೂ ಆಗಿರಲಿಲ್ಲ. ನಾಲ್ಕು ಮಂದಿ, ಚಷ್ಮಾದ ನಂಬರು ನೋಡಿಸಿಕೊಳ್ಳಲು.

"ಏನ್ ಬೀಗರ, ನಿಮ್ಮ ರಾಜ್ಯದಾಗ ನಮಗೂ ಚೀಟಿ ಏನ್ರಿ?" ಎಂದು ನಕ್ಕರು.

ಬೀಗರನ್ನು ಬಾಕಿನ ಮೇಲೆ ಕೂಡಿಸಿ ಕಾಯಿಸುವುದೆ? ರೋಗಿಗಳು ಹೊರಹೋಗುವ ಹಿಂಬಾಗಿಲಿನಿಂದ ನಾಲ್ವರನ್ನೂ ಒಳಗೆ ಬಿಟ್ಟೆ. ಇಪ್ಪತ್ತೊಂದನೆಯವನು ಆಗಲೇ ಆ ಕಡೆಯಿಂದ ಹೋಗಿಯಾಗಿತ್ತು. ಟಿವಿಯಲ್ಲಿ ಇಪ್ಪತ್ತೊಂದನ್ನು ಹಾಗೇ ನಿಲ್ಲಿಸಿದೆ.

ನಿನ್ನ ಹೆಂಡತಿ ಶಾಂತಾಬಾಯಿ ಎದ್ದು ಬಂದಳು. "ಅಣ್ಣಾರ, ಇನ್ನಾ ಇಪ್ಪತ್ತೊಂದೇ ನಡದದೇನ್ರಿ? ಇವರಿಗಿ ತಡಕೊಳ್ಳಾಕ ಆಗವಲ್ದು."

"ಟಿವಿ ಸುಳ್ಳ ಹೇಳ್ತದೇನಬೇ? ಹೋಗಿ ಕೂಡು."

ಕೂತಳು. ಮೊದಲಿನ ಹಾಗಿದ್ದರೆ ಬಾಗಿಲು ಗುದ್ದುತ್ತಿದ್ದಳೇನೋ —

ವಾರಕ್ಕೊಮ್ಮೆ ಹೈದರಾಬಾದಿನಿಂದ ಬರುವ ಡಾಕ್ಟರು ನನ್ನ ಬೀಗರನ್ನು ನೋಡಿ ಮುಗಿಸಿ, ರೈಲಿಗೆ ಹೊತ್ತಾಯಿತೆಂದು ಎದ್ದರು. ಇವರೊಬ್ಬರನ್ನು ನೋಡಿ ಹೋಗಿ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನಿಮಗೆ, "ಮುಂದಿನ ಗುರುವಾರ ಬರ್ರಿ" ಅಂದೆ.

ಬಂದಿರಿ. ಹೋದ ಗುರುವಾರವೇ ನೋಡಿದ್ದರೆ ಕಣ್ಣು ಉಳಿಯುತ್ತಿತ್ತು ಎಂದರು ಡಾಕ್ಟರು. ಶಾಂತಾಬಾಯಿ ನಿನ್ನ ಮೇಲೇ ಹರಿಹಾಯ್ದಳು: "ಬಾಳಿಗೊನಿ ಕೊಟ್ಟ ಬರ್ತೀನಂತ ಮೊದಲನೇ ಬಸ್ ಬಿಟ್ಟಿ! ಅದಕ್ಕ ನಂಬರ ಹಿಂದ ಬಿತ್ತು."

"ಹೌದ, ನಂದೇ ತಪ್ಪ," ಎಂದೆ ನೀನು.

ಎರಡು ಮಾರು ದೂರದಲ್ಲಿ ನಾನಿದ್ದೆ. ಗುಂಡಿ ಒತ್ತಿ ಮುಂದಿನವರನ್ನು ಕರೆದೆ.

ಶಾಂತಾಬಾಯಿ ತೀರಿಕೊಂಡಳೆಂದು ನಿಮ್ಮೂರು ಕಮಲಾಪುರದವರೊಬ್ಬರು ಹೋದ ತಿಂಗಳು ಹೇಳಿದರು. ಬಾಳೆಗೊನೆಗಾಗಿ ಕಣ್ಣು ಕಳಕೊಂಡವನೆಂದು ಊರವರು ಇಂದಿಗೂ ನಿನ್ನನ್ನು ಆಡಿಕೊಳ್ಳುತ್ತಾರಂತೆ. ನೀನೂ ಅವರೊಡನೆ ನಗುತ್ತೀಯಂತೆ. ಅವಳಿಗೆ ಹೇಳುವುದು ಇನ್ನಾಗದು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ — ಹಾಕಿದರೆ ಯಾರೋ ಒಬ್ಬರು ನಿನಗೆ ಮೆಲ್ಲಗೆ ಓದಿ ಹೇಳಿ ಮಡಚಿಟ್ಟಾರು. ಸೋಮವಾರ ನಾನೇ ಬಂದು, ನಿನ್ನನ್ನು ಹಾಗೆ ಅನ್ನುವವರೆಲ್ಲರ ಎದುರಿಗೇ ಓದುತ್ತೇನೆ.