ಪಿನ್ನಿನ ಗಾಯ ಓದುವ ಹೆಲ್ಮಿ

ಸೆಪ್ಟೆಂಬರ್ ತಿಂಗಳ ಶನಿವಾರ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಕಡೆಯಿಂದ ಬಂದ ಮಂಜು ಇನ್ನೂ ಗುರಿಯಾಟದ ಮೈದಾನ ಬಿಟ್ಟಿಲ್ಲ. ಹೆಲ್ಮಿ ಕೋಟಿಲಾ ತಮ್ಮ ಹಳೆಯ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಮೂಟೆಯಿಂದ ಬೌಲಿಂಗ್ ಆಟದ, ಸೀಸೆಯಾಕಾರದ ಮರದ ಪಿನ್ನುಗಳನ್ನು ತೆಗೆದು ಅಂಗೈಯಲ್ಲೇ ತೂಗಿ ನೋಡುತ್ತಿದ್ದಾರೆ. ಎಲ್ಲವೂ ಊರಿನ ಬೌಲಿಂಗ್ ಅಂಗಳದವರು ಬೇಡವೆಂದು ಕೊಟ್ಟವು. "ಇದರ ಹೊಟ್ಟೇಲಿ ಗುಂಡಿನ ಸೀಸ ತುಂಬಿಹೋಗಿದೆ, ಪಾಪ. ಇನ್ನು ಮಲಗಲಿ" ಎಂದು ಒಂದನ್ನು ಪಕ್ಕಕ್ಕಿಡುತ್ತಾರೆ.

ಇಲ್ಲಿ ಆಡುವ ಆಟ ನೋಡಲು ಸುಲಭ. ಮೇಜಿನ ಮೇಲೆ ಐದು ಪಿನ್ನು. ದೂರದಲ್ಲಿ ನಿಂತು ಪಿಸ್ತೂಲಿನಿಂದ ಹೊಡೆದು ಐದನ್ನೂ ನೆಲಕ್ಕೆ ಬೀಳಿಸಬೇಕು, ಬೇಗ ಬೀಳಿಸಿದವರು ಗೆದ್ದರು. ಉರುಳಿ ಮೇಜಿನ ಮೇಲೇ ಉಳಿದ ಪಿನ್ನು ಲೆಕ್ಕಕ್ಕಿಲ್ಲ. ಸರದಿ ಮುಗಿದು ಎಲ್ಲರೂ ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟ ಮೇಲೆ, ನಡೆದು ಹೋಗಿ ಮತ್ತೆ ಪಿನ್ನು ನಿಲ್ಲಿಸುವುದು ಹೆಲ್ಮಿಯವರ ಕೆಲಸ. ಶಾಲೆಯ ಅಡುಗೆಮನೆಯಿಂದ ನಿವೃತ್ತರಾದ ಮೇಲೆ ಹಿಡಿದದ್ದು. ಗೆದ್ದವರ ಫೋಟೋದಲ್ಲಿ ಅವರು ಎಂದೂ ಇರುವುದಿಲ್ಲ.

ಆದರೆ ಯಾವ ಗುಂಡು ತರಲಿ ಎಂಬ ಪ್ರಶ್ನೆ ಎದ್ದರೆ ಎಲ್ಲರೂ ಬರುವುದು ಅವರ ಬಳಿಗೇ. ಅವರು ಪಿನ್ನಿನ ಗಾಯ ತೋರಿಸುತ್ತಾರೆ. "ಹಗುರವಾದ ಗುಂಡು ಜೋರಾಗಿ ಬಂದು ಒಳಗೆ ಹೊಕ್ಕು ಕೂತ್ಬಿಡುತ್ತೆ, ಪಿನ್ನು ಅಲ್ಲೇ ಅಡ್ಡ ಬೀಳುತ್ತೆ. ಭಾರದ್ದು ನಿಧಾನ ಬಂದ್ರೂ ನೂಕುತ್ತೆ. ಬಾಗಿಲು ಬಡಿಯೋದೇ ಬೇರೆ, ಹೆಗಲು ಕೊಟ್ಟು ತಳ್ಳೋದೇ ಬೇರೆ ಅಲ್ವಾ?" ಇನ್ನೊಂದು ಪಿನ್ನಿನ ಮಗ್ಗುಲಲ್ಲಿ ಉದ್ದನೆಯ ಗೀರು. "ಇದು ಉರುಟು ಮೂತಿಯ ಗುಂಡು. ಪಿನ್ನಿನ ಮೈ ದುಂಡಗಲ್ವಾ, ಜಾರ್ಕೊಂಡು ಹೋಯ್ತು. ಚಪ್ಪಟೆ ಮೂತಿಯದ್ದಾಗಿದ್ರೆ ಕಚ್ಚಿ ಹಿಡೀತಿತ್ತು."

ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಬಂದಿಲ್ಲ. ನೆರೆಮನೆಯ ಡೊನ್ನಾ ಬರ್ಟೂಚಿ ಶಾಲಾ ಬಸ್ಸಿನ ಚಾಲಕಿ, ಹಳೆಯ ಗೆಳತಿ. ಆಕೆ ಹೊಡೆದ ಪಿನ್ನುಗಳು ಮೇಜಿನ ಮೇಲೇ ಹೊರಳಾಡುತ್ತಿದ್ದವು. ಅಂಗಡಿಯಲ್ಲಿರುವುದರಲ್ಲೇ ಭಾರದ, ಮದ್ದು ಜಾಸ್ತಿಯಿರುವ ಖಾರದ ಗುಂಡು ತಾ ಎಂದರು ಹೆಲ್ಮಿ. ಪಿನ್ನುಗಳು ಹಾರಿದವು, ಜನ ಚಪ್ಪಾಳೆ ತಟ್ಟಿದರು. ಬೇಸಿಗೆಯಿಡೀ ಪಿಸ್ತೂಲಿನ ಆ ಒದೆತ ತಿಂದ ಡೊನ್ನಾಳ ಮಣಿಕಟ್ಟು ಊದಿಕೊಂಡಿತು. ಸ್ಟಿಯರಿಂಗ್ ತಿರುಗಿಸಲಾಗದೆ ಬಸ್ಸು ಬೇರೆಯವರ ಪಾಲಾಯಿತು.

"ನಿನ್ನ ಮಾತು ಕೇಳಿ ಹೊಟ್ಟೆಪಾಡು ಕಳ್ಕೊಂಡೆ ಕಣೆ" ಎಂದಳಂತೆ ಡೊನ್ನಾ. ಆ ಚಳಿಗಾಲ ಎರಡು ಮನೆಗಳ ನಡುವಿನ ಹಿಮ ತೆಗೆಯಲು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಹೊರಬರುತ್ತಿದ್ದರು.

"ನಾನು ಪಿನ್ನು ನೋಡಿದ್ದೆ, ಅವಳ ಕೈ ನೋಡಿರ್ಲಿಲ್ಲ" ಎನ್ನುತ್ತಾರೆ ಹೆಲ್ಮಿ.

ಹಿಮ ಕರಗಿದ ಮೇಲೆ ಡೊನ್ನಾಳ ಬಳಿ ಇರುವಂಥದ್ದೇ ಪಿಸ್ತೂಲು ಎರವಲು ತಂದು, ಬೇರೆ ಬೇರೆ ಪೆಟ್ಟಿಗೆಯ ಗುಂಡು ಹೊಡೆದು ನೋಡಿದರು. ಮದ್ದು ಕಡಿಮೆಯಿದ್ದ, ತೀರಾ ಮೆದುವಾದದ್ದು ಪಿಸ್ತೂಲಿನಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಭಾರವಿದ್ದೂ ನಿಧಾನ ಹೋಗುವ, ಚಪ್ಪಟೆ ಮೂತಿಯದೊಂದು ಸಿಕ್ಕಿತು. ಪಿನ್ನು ಹಾರಲಿಲ್ಲ, ಮೇಜಿನ ಹಿಂದಂಚು ದಾಟಿ ದೊಪ್ಪನೆ ಬಿತ್ತು. "ಬಿದ್ರೆ ಸಾಕಲ್ವಾ? ಕಾಡಿಗೇ ಹಾರಬೇಕಾ?" ಎನ್ನುತ್ತಾರೆ ಹೆಲ್ಮಿ. ಡೊನ್ನಾಳ ಕೈ ಆಗಷ್ಟೇ ಗುಣವಾಗಿ, ಮತ್ತೆ ಪಿಸ್ತೂಲು ಹಿಡಿಯಲು ವೈದ್ಯರು ಹೂಂ ಎಂದಿದ್ದರು. ಹೆಲ್ಮಿ ಪೆಟ್ಟಿಗೆ ಹಿಡಿದು ಆಕೆಯ ಬಾಗಿಲಿಗೆ ಹೋದರು.

"ಏನೇ, ಇನ್ನೊಂದು ಕೈನೂ ಮುರಿಯೋಕೆ ಬಂದ್ಯಾ?"

"ಐದೇ ಐದು ಹೊಡಿ. ನೋವಾದ್ರೆ ಮಿಕ್ಕಿದ್ದನ್ನ ಪೆಟ್ಟಿಗೆ ಸಮೇತ ನನ್ನ ತಲೆಗೆ ಎಸಿ."

ಬಾಗಿಲು ಮುಚ್ಚಲಿಲ್ಲ. ಒಳಗೆ ಕಾಫಿ ಕುದಿಯಿತು.

ಇವತ್ತು ಡೊನ್ನಾಳ ಸರದಿ. ನಾಲ್ಕು ಪಿನ್ನು ಸೋಮಾರಿಗಳಂತೆ ಹಿಂದಕ್ಕೆ ಸರಿದು ಬೀಳುತ್ತವೆ. ಐದನೆಯದು ಅಂಚಿನಲ್ಲಿ ತೂಗಾಡಿ, ಯೋಚಿಸಿ, ಬೀಳುತ್ತದೆ. ಗೆದ್ದವನು ಮರದ ಮಿಲ್ಲಿನ ಹುಡುಗ, ಆಕೆ ಎರಡನೆಯವಳು. "ಅಜ್ಜೀರು ನನ್ನ ಬೆವರಿಳಿಸಿಬಿಟ್ರು!" ಎಂದು ಅವನು ಕಿಚಾಯಿಸುತ್ತಾನೆ. ಡೊನ್ನಾ ಮಣಿಕಟ್ಟು ತಿರುಗಿಸಿ ನೋಡಿಕೊಂಡು, ಹೆಲ್ಮಿಗೆ ಮಾತ್ರ ಕಾಣುವಂತೆ ಬೆರಳು ಆಡಿಸುತ್ತಾಳೆ.

ಗೆಳತಿ ಗೆಲ್ಲಬೇಕಿತ್ತು ಅನಿಸಲಿಲ್ಲವೇ ಎಂದು ಕೇಳುತ್ತೇನೆ. ಹೆಲ್ಮಿ ಬಿದ್ದ ಪಿನ್ನು ಎತ್ತಿ ಮಣ್ಣು ಒರೆಸುತ್ತಾರೆ.

"ಯಾರಾದ್ರೂ ಗೆಲ್ಲಲಿ ಬಿಡಿ. ಬಸ್ಸು ಮತ್ತೆ ಅವಳ ಕೈಗೆ ಬಂದಿದೆ. ಸೋಮವಾರ ನಮ್ಮ ಮನೆ ತಿರುವಲ್ಲಿ ಬಸ್ಸು ತಿರುಗಿಸ್ವಾಗ ನಂಗೊಂದು ಹಾರ್ನ್ ಹೊಡೀಬೇಕು. ಅಷ್ಟು ಕೇಳಿದ್ರೆ ಸಾಕು."