ಮುನಿಕೆಂಪಮ್ಮ ಉಜ್ಜಿದ ಕಪ್ಪೆಚಿಪ್ಪುಗಳು

ಅಟ್ಟೂರಿನ ಮುನಿಕೆಂಪಮ್ಮನಿಗೆ ಕೊಳೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಮೂವತ್ತು ವರ್ಷ ಹಸುಗಳ ಮೈ ಉಜ್ಜಿದ ಕೈ ಅದು. ಕೊಟ್ಟಿಗೆಯ ಜಾಗದಲ್ಲಿ ಐದಂತಸ್ತಿನ ಕಟ್ಟಡ ಎದ್ದು ಹಸುಗಳೆಲ್ಲ ಹೋದ ಮೇಲೆ ಗಂಡ ಬೈರಣ್ಣನ ಸ್ಕೂಟರನ್ನು ದಿನಕ್ಕೆರಡು ಸಲ ತೊಳೆಯತೊಡಗಿದಳು. ಸ್ಕೂಟರಿನ ಬಣ್ಣ ಕಿತ್ತುಬರಲು ಶುರುವಾದಾಗ ಬೈರಣ್ಣನೇ ಓಡಾಡಿ, ಯಲಹಂಕದ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಕೊಡಿಸಿದ.

ಆ ಲ್ಯಾಬಿನಲ್ಲಿ ಲುಬ್ನಾ ಎಂಬ ಚಿಕ್ಕ ವಯಸ್ಸಿನ ಮೇಡಂ ಎರಡು ಟಬ್ಬಿಗೆ ಉಪ್ಪುನೀರು ತುಂಬಿ ಕಪ್ಪೆಚಿಪ್ಪು ಇಟ್ಟಿದ್ದಳು. ಒಂದರಲ್ಲಿ ಸಮುದ್ರದ ಬಂಡೆಯಿಂದ ಕಿತ್ತು ತಂದ ಇಪ್ಪತ್ತು. ಇನ್ನೊಂದರಲ್ಲಿ ನೀರಿನಲ್ಲಿ ಹಗ್ಗ ಇಳಿಬಿಟ್ಟು, ಏಡಿಗೆ ಎಟುಕದಂತೆ ಸಾಕಿದ ಇಪ್ಪತ್ತು. ಕಪ್ಪೆಚಿಪ್ಪು ತಿನ್ನುವ ಏಡಿ ಕೂತಿದ್ದ ನೀರನ್ನು ಸುರಿದರೆ ಯಾವುದು ಎಷ್ಟು ಹೆದರುತ್ತದೆ ಎಂಬುದೇ ಅವಳ ಸಂಶೋಧನೆ. ಮೊದಲ ಸಲ ಸುರಿದಾಗ ಮುನಿಕೆಂಪಮ್ಮನೂ ನೋಡಿದ್ದಳು. ಬಂಡೆಯವು ಪಟ್ಟನೆ ಬಾಯಿ ಮುಚ್ಚಿ ಬಹಳ ಹೊತ್ತು ತೆರೆಯಲಿಲ್ಲ. ಸಾಕಿದವು ಮುಚ್ಚಿದ ಶಾಸ್ತ್ರ ಮಾಡಿ, ಯಾರು ಬಂದರೆಂದು ಆಗಲೇ ಇಣುಕಿದವು.

ಒಂದು ಶನಿವಾರ ಲುಬ್ನಾ ರಜೆಯಲ್ಲಿದ್ದಳು. ಚಿಪ್ಪುಗಳಿಗೆ ಪಾಚಿ ಹಿಡಿದದ್ದು ಕಂಡ ಮುನಿಕೆಂಪಮ್ಮ ನಲವತ್ತನ್ನೂ ಒಂದೇ ಬಕೆಟ್ಟಿಗೆ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ ಫಳಫಳ ಹೊಳೆಯಿಸಿದಳು. ವಾಪಸು ಟಬ್ಬಿಗೆ ಹಾಕಲು ಹೋದವಳು ಎರಡು ಟಬ್ಬುಗಳ ನಡುವೆ ನಿಂತುಬಿಟ್ಟಳು.

"ಅಯ್ಯೋ ನನ್ ಕೈ ಸೇದೋಗ! ಯಾವ್ದು ಬಂಡೇದು, ಯಾವ್ದು ಸಾಕಿದ್ದು?"

ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಎಲ್ಲವನ್ನೂ ಬಂಡೆಯವುಗಳ ಟಬ್ಬಿನಲ್ಲೇ ಇಟ್ಟು, ಬಾಯಿ ಬಿಡುವವರೆಗೆ ಕಾದು, ಏಡಿಯ ಡಬ್ಬಿ ತಂದು ನೀರು ಬಗ್ಗಿಸಿದಳು. ನೀರಿನ ಜೊತೆ ಏಡಿಯೂ ಜಾರಿ ನೆಲಕ್ಕೆ ಬಿತ್ತು; ಬಿದ್ದದ್ದೇ ಅವಳ ಚಪ್ಪಲಿಯ ಕಡೆ ಹೊರಟಿತು. ಮುನಿಕೆಂಪಮ್ಮ ಸ್ಟೂಲು ಹತ್ತಿ ನಿಂತಳು. ಅಲ್ಲಿಂದಲೇ ಬಗ್ಗಿ, ಮೊದಲು ಬಾಯಿ ತೆರೆದ ಇಪ್ಪತ್ತನ್ನು ಹೆಕ್ಕಿ ಸಾಕಿದವುಗಳ ಟಬ್ಬಿಗೆ ಎಸೆದಳು. "ಬಾಯ್ ಮುಚ್ಕಳ್ರೋ, ಅವ್ನಿನ್ನೂ ಇಲ್ಲೇ ಅವ್ನೆ!" ಎಂದು ನಡುನಡುವೆ ಬುದ್ಧಿಯನ್ನೂ ಹೇಳಿದಳು. ಆಮೇಲೆ ಏಡಿಯನ್ನು ಮೊರದಲ್ಲಿ ಎತ್ತಿ ಡಬ್ಬಿಗೆ ಸೇರಿಸಿದಳು.

ಸೋಮವಾರ ಲುಬ್ನಾ ಪರೀಕ್ಷೆ ಮಾಡಿ ಕುಣಿದಾಡಿಬಿಟ್ಟಳು.

"ಮುನಿಕೆಂಪಮ್ಮಾ, ಇಷ್ಟು ಕ್ಲೀನ್ ರಿಸಲ್ಟ್ ನಾನು ನೋಡೇ ಇಲ್ಲ ಕಣ್ರೀ! ಒಂದೂ ಮಿಸ್ಸಿಲ್ಲ!"

ಆಗಲೇ ಮೈಸೂರುಪಾಕು ತರಿಸಿ ಒಂದು ತುಂಡು ಅವಳ ಬಾಯಿಗೇ ಇಟ್ಟಳು. ಮುನಿಕೆಂಪಮ್ಮ ಅದನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಮೇಡಂ, ತಪ್ಪಾಗೋಯ್ತು. ನಾರಲ್ಲಿ ತಿಕ್ಕಕ್ಕೋಗಿ ಎಲ್ಲಾ ಬೆರ್ಸಿಬಿಟ್ಟೆ. ಅವು ತಾವಾಗೇ ಇಂಗೆ ಆಗ್ಲಿಲ್ಲ. ಎದರ್ಕೊಂಡಿದ್ದು ಒಂದ್ ಕಡೆ, ಎದರ್ದೇ ಇದ್ದಿದ್ದು ಒಂದ್ ಕಡೆ ಸ್ಟೂಲ್ ಮೇಲ್ ನಿಂತ್ಕಂಡು ನಾನೇ ಆಕಿದ್ದು."

ಲುಬ್ನಾ ಅದೇ ಸ್ಟೂಲಿನ ಮೇಲೆ ಕುಸಿದು ಕೂತಳು. "ಅಂದ್ರೆ, ಹೆದರಿದ್ದನ್ನೇ ಆರಿಸಿಟ್ಟು, ಹೆದರ್ತವಾ ಅಂತ ನನ್ ಕೈಲಿ ಟೆಸ್ಟ್ ಮಾಡಿಸಿದ್ರಾ?"

"ಊಂ ಮೇಡಂ."

ಆಮೇಲೆ ಲುಬ್ನಾ ನಿಟ್ಟುಸಿರು ಬಿಟ್ಟು ಒಂದು ಗುಟ್ಟು ಹೇಳಿದಳು: ಬಂಡೆಯವುಗಳ ಚಿಪ್ಪಿನ ಬುಡದಲ್ಲಿ ಅರದಿಂದ ಸಣ್ಣ ಗೀರು ಎಳೆದಿಟ್ಟಿದ್ದಳು. ತೆಂಗಿನ ನಾರಿಗೆ ಅದು ಹೋಗುವಂಥದ್ದಲ್ಲ. ಇಬ್ಬರೂ ಕೂತು ಒಂದೊಂದನ್ನೇ ತಿರುಗಿಸಿ ನೋಡಿದರು. ನಲವತ್ತರಲ್ಲಿ ಮೂವತ್ತೆರಡು ಸರಿಯಾದ ಟಬ್ಬಿನಲ್ಲೇ ಇದ್ದವು. ನಾಲ್ಕು ಬಂಡೆಯವು ಧೈರ್ಯವಾಗಿ ಬಾಯಿ ಬಿಟ್ಟು ಸಾಕಿದವುಗಳ ಜೊತೆ ಸೇರಿದ್ದವು. ನಾಲ್ಕು ಸಾಕಿದವು ಗಟ್ಟಿಯಾಗಿ ಮುಚ್ಚಿಕೊಂಡು ಬಂಡೆಯವುಗಳ ಜೊತೆ ಕೂತಿದ್ದವು.

ಲುಬ್ನಾಳಿಗೆ ನಗು ತಡೆಯಲಾಗಲಿಲ್ಲ. "ಸ್ಟೂಲ್ ಮೇಲೆ ನಿಂತ್ಕೊಂಡು ಮೂವತ್ತೆರಡು! ಪರವಾಗಿಲ್ವೇ!"

ಆ ಫಲಿತಾಂಶವನ್ನು ಅವಳು ಹೊಡೆದುಹಾಕಿ, ಪ್ರಯೋಗವನ್ನು ಮೊದಲಿನಿಂದ ಮಾಡಿದಳು. ಮೂರು ವಾರ ಹಿಡಿಯಿತು. ಬಂಡೆಯವೇ ಹೆಚ್ಚು ಹೆದರಿದವು, ಆದರೆ ಅಷ್ಟು ಅಂದವಾಗಿ ಅಲ್ಲ. ಈ ಸಲ ಸ್ಟಾಪ್‌ವಾಚ್ ಹಿಡಿದು ಕೂತವಳು ಮುನಿಕೆಂಪಮ್ಮ. ಮುಚ್ಚಿಕೊಂಡ ಆ ನಾಲ್ಕು ಸಾಕಿದವುಗಳ ಮೇಲೆ ಅವಳಿಗೆ ಒಳಗೊಳಗೇ ಪ್ರೀತಿ ಹುಟ್ಟಿತ್ತು.

"ಏಡಿ ಮುಖಾನೇ ನೋಡಿಲ್ಲ, ಪಾಪ. ಆದ್ರೂ ಎಂಗ್ ಎದರ್ಕತವೆ ನೋಡಿ ಮೇಡಂ," ಎಂದು ಹೆತ್ತವಳಂತೆ ಹಿಗ್ಗುತ್ತಾ ಹೊತ್ತು ಬರೆದುಕೊಂಡಳು.